ಮಂತ್ರಿಯ ಹೊಸ ಗರಿ

ಕಣ್ಣಿಗೆ ಬಿದ್ದದ್ದನ್ನೆಲ್ಲ ಒಪ್ಪ ಮಾಡುವ ಚಟ ಆ ಕ್ಷೌರದಂಗಡಿಯವನಿಗೆ ಮೊದಲಿನಿಂದಲೂ ಇತ್ತು. ಗಿರಾಕಿಯ ಕಿವಿಯಿಂದ ಇಣುಕುವ ಕೂದಲು, ಟವೆಲಿನ ಅಂಚಿನಲ್ಲಿ ಎದ್ದ ನೂಲು, ಬಾಗಿಲ ಪಕ್ಕದ ಕುಂಡದಲ್ಲಿ ಸಾಲು ತಪ್ಪಿದ ಎಲೆ, ಯಾವುದನ್ನೂ ಅವನು ಸುಮ್ಮನೆ ಬಿಡುತ್ತಿರಲಿಲ್ಲ. ಕತ್ತರಿಸಲು ಏನೂ ಸಿಗದಿದ್ದರೆ ಗಾಳಿಯನ್ನೇ ಕತ್ತರಿಸುತ್ತಿದ್ದ. ಯಾರದೋ ಮಾತು ಕೇಳುತ್ತ ನಿಂತಾಗ, ಕುರ್ಚಿಗೆ ಇನ್ನೊಂದು ತಲೆ ಬರುವವರೆಗೆ, ಕೊನೆಗೆ ಕಾಫಿ ಕುಡಿಯುವಾಗಲೂ ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಕತ್ತರಿ, ಚಕ್ ಚಕ್ ಚಕ್. ಅವನ ಅಕ್ಕನಿಗೆ ಆ ಸದ್ದೆಂದರೆ ತಲೆನೋವು. "ಆ ಕೈಗೆ ಒಂದು ಗಳಿಗೆ ರಜೆ ಕೊಡೋ" ಎಂದು ಅವಳು ಬೈಯದ ದಿನವಿರಲಿಲ್ಲ.

ಅಕ್ಕ ಅವನೊಬ್ಬನಿಗಲ್ಲ, ಆ ಬೀದಿಗೆಲ್ಲ ಅಕ್ಕ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಬೀಳ್ಕೊಡುವಾಗ ಜೊತೆಯ ಸಿಬ್ಬಂದಿಯೆಲ್ಲ ಸೇರಿ ಗೋಡೆ ಗಡಿಯಾರವೊಂದನ್ನು ಕೊಟ್ಟಿದ್ದರು. "ಇಷ್ಟು ವರ್ಷ ಗಂಟೆ ನೋಡ್ಕೊಂಡು ಓಡಿದ್ದು ಸಾಲದು ಅಂತ ಮನೆಗೂ ಅದನ್ನೇ ಹೊತ್ಕೊಂಡು ಹೋಗ್ಬೇಕಾ" ಎಂದು ಗೊಣಗಿದ ಅವಳು ಮರುದಿನವೇ ಅದನ್ನು ಹಕ್ಕಿ ಮಾರುವವನ ಮುಂದಿಟ್ಟಳು. ಅದಕ್ಕೆ ಬದಲಾಗಿ ಬೂದು ಮೈಯ, ಹಳದಿ ಜುಟ್ಟಿನ, ಎರಡೂ ಕೆನ್ನೆಗೆ ಕಿತ್ತಳೆ ಬಣ್ಣ ಹಚ್ಚಿಕೊಂಡಂತಿದ್ದ ಪುಟ್ಟ ಗಿಳಿಯೊಂದನ್ನು ತಂದಳು. ಯಾರು ಏನೇ ಹೇಳಿದರೂ ಜುಟ್ಟೇರಿಸಿ ತಲೆಯಾಡಿಸುತ್ತಿದ್ದ ಆ ಹಕ್ಕಿಗೆ ವಾರದೊಳಗೆ ಮಂತ್ರಿ ಎಂಬ ಹೆಸರು ಬಿತ್ತು.

ಮಹಡಿಯ ಮೇಲೆ ಮನೆ, ಕೆಳಗೆ ಅಂಗಡಿ. ಹಗಲೆಲ್ಲ ಮಂತ್ರಿಯ ದರ್ಬಾರು ಅಂಗಡಿಯಲ್ಲೇ, ನಡುವಿನ ಕನ್ನಡಿಯ ಮೇಲಿನ ಕೋಲಿನ ಮೇಲೆ. ಎರಡು ವರ್ಷ ಅಕ್ಕ ಬಾಯಿ ನೋಯುವಷ್ಟು ಕಲಿಸಿದರೂ ಅದು ಒಂದು ಮಾತನ್ನೂ ಕಲಿಯಲಿಲ್ಲ. ಕಲಿತದ್ದು ಒಂದೇ: ಕತ್ತರಿಯ ಸದ್ದು. ತಮ್ಮನ ಕತ್ತರಿ ನಿಂತ ಕೂಡಲೇ ಮೇಲಿನಿಂದ ಇದರದು ಶುರು, ಚಕ್ ಚಕ್ ಚಕ್. ಮನೆಯಲ್ಲಿ ಇದ್ದ ಒಂದು ತಲೆನೋವು ಎರಡಾಯಿತು ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಆದರೆ ಆ ಹಕ್ಕಿ ಹೆಗಲೇರಿ ಕಿವಿಯ ಬಳಿ ಮುಖ ಉಜ್ಜಿದಾಗ ಅವಳ ಮುಖ ಹೇಗಾಗುತ್ತಿತ್ತು ಎಂಬುದನ್ನು ಬೀದಿಯೇ ನೋಡಿತ್ತು.

ಅಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದವರು ಮಾರುಕಟ್ಟೆ ಸಂಘದ ಅಧ್ಯಕ್ಷರು. ಆ ಸಾಲಿನ ಅಂಗಡಿಗಳ ಕರಾರು ಮುಂದುವರಿಯಬೇಕಾದರೆ ಅವರ ಸಹಿ ಬೀಳಬೇಕು. ಹಾಗಾಗಿ ಅವರು ಬಂದರೆಂದರೆ ತಮ್ಮನಿಗೆ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಸಂಘದ ವಾರ್ಷಿಕ ಸಭೆ, ಅದರಲ್ಲಿ ಅವರ ಭಾಷಣ. ಬೆಂಚಿನ ಮೇಲೆ ಪಕ್ಕದ ಬೇಕರಿಯವನೂ ನಿವೃತ್ತ ಪೋಸ್ಟ್ ಮಾಸ್ತರರೂ ತಮ್ಮ ಸರದಿಗೆ ಕಾಯುತ್ತಿದ್ದರು. ಅಕ್ಕ ಒಳಕೋಣೆಯಲ್ಲಿ ಟವೆಲು ಮಡಿಸುತ್ತಿದ್ದಳು.

ಅಧ್ಯಕ್ಷರ ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಗೆ ನೊರೆ ಹಚ್ಚಿಯಾಗಿತ್ತು. ಅಷ್ಟರಲ್ಲಿ ಮಂತ್ರಿ ಕೆಳಗಿಳಿದು ಬಂದು ಬಾಚಣಿಗೆಗಳ ತಟ್ಟೆಯ ಪಕ್ಕ ಕೂತು ರೆಕ್ಕೆ ಬಿಡಿಸಿತು. ಹಳೆಯ ಗರಿ ಉದುರಿದ್ದಲ್ಲಿ ಹೊಸದೊಂದು ಮೊಳೆತು, ಸೊಟ್ಟಗೆ ಹೊರಗೆ ಚಾಚಿಕೊಂಡಿತ್ತು. ತಮ್ಮನ ಕಣ್ಣಿಗೆ ಅದು ಚುಚ್ಚಿತು. ಏನು ಮಾಡುತ್ತಿದ್ದೇನೆಂದು ಅವನು ಯೋಚಿಸಲೇ ಇಲ್ಲ. ಮೀಸೆಯ ತುದಿ ಸವರಿದ ಹಾಗೆ ಕತ್ತರಿ ಹೋಯಿತು, ಗರಿ ತುಂಡಾಯಿತು.

ಹೊಸ ಗರಿ ಕೂದಲಲ್ಲ. ಬೆಳೆಯುತ್ತಿರುವಷ್ಟು ದಿನ ಅದರ ಕಾಂಡದ ತುಂಬ ರಕ್ತ ಹರಿಯುತ್ತಿರುತ್ತದೆ. ಬಲಿತ ಮೇಲಷ್ಟೇ ಅದು ಒಣಗುವುದು. ಅದಕ್ಕೆ ಮೊದಲು ಕತ್ತರಿಸಿದರೆ ನಲ್ಲಿ ತಿರುಗಿಸಿ ಬಿಟ್ಟ ಹಾಗೆ. ಇಷ್ಟೂ ವರ್ಷ ಯಾರ ತಲೆಯಿಂದಲೂ ಒಂದು ಹನಿ ರಕ್ತ ಬರದಂತೆ ಕತ್ತರಿ ಆಡಿಸಿದವನಿಗೆ ಆ ಮಾತು ಗೊತ್ತಿರಲಿಲ್ಲ.

ಹಕ್ಕಿ ಕಿರುಚಿ ಕನ್ನಡಿಗೆ ಬಡಿದುಕೊಂಡಿತು. ಕನ್ನಡಿಯ ಮೇಲೆ, ಬಿಳಿ ಟವೆಲಿನ ಮೇಲೆ, ಅಧ್ಯಕ್ಷರ ನೊರೆಯ ಮೇಲೆ ಕೆಂಪು ಚುಕ್ಕೆಗಳು ಬಿದ್ದವು. "ಅಕ್ಕಾ" ಎಂಬ ತಮ್ಮನ ಕೂಗಿಗೆ ಅಕ್ಕ ಕೈಯಲ್ಲಿದ್ದ ಟವೆಲಿನ ಸಮೇತ ಓಡಿ ಬಂದಳು. ಏನಾಯಿತೆಂದು ಯಾರೂ ಹೇಳಬೇಕಾಗಲಿಲ್ಲ. ನೆಲದ ಮೇಲೆ ಅರ್ಧ ಗರಿ ಬಿದ್ದಿತ್ತು, ತಮ್ಮನ ಕೈಯಲ್ಲಿ ಕತ್ತರಿಯಿತ್ತು.

ಕ್ಷೌರದಂಗಡಿಯಲ್ಲಿ ಸಲಹೆಗೇನು ಬರ. ಪೋಸ್ಟ್ ಮಾಸ್ತರರು ಎದ್ದು ನಿಂತು, "ಪಟಿಕದ ಕಲ್ಲು ಉಜ್ಜಿ, ಗಡ್ಡ ಮಾಡೋವಾಗ ಕೊಯ್ದ್ರೆ ಹಚ್ಚಲ್ವಾ" ಎಂದರು. "ಎಣ್ಣೆ ಹಚ್ಚಿ ಬಿಗಿಯಾಗಿ ಬಟ್ಟೆ ಸುತ್ತಿ, ಮೇಲೆ ಎರಡು ಹನಿ ಬ್ರಾಂಡಿ ಕುಡಿಸಿ" ಎಂದು ಬೇಕರಿಯವನು ಅದಕ್ಕಿಂತ ಜೋರಾಗಿ ಹೇಳಿದ. ಅಧ್ಯಕ್ಷರು ಕುರ್ಚಿಯಿಂದ ಏಳಲೂ ಇಲ್ಲ. "ಯಾಕಮ್ಮ ಒದ್ದಾಟ, ಕತ್ತು ತಿರುವಿಬಿಡಿ, ನರಳೋದಾದ್ರೂ ತಪ್ಪುತ್ತೆ. ಹಕ್ಕಿ ತಾನೇ, ನಾಳೆ ಇನ್ನೊಂದು ತಂದ್ರಾಯ್ತು" ಎಂದರು.

ಟವೆಲು ಬೀಸಿ ಹಕ್ಕಿಯನ್ನು ಹಿಡಿಯುತ್ತಲೇ ಅಕ್ಕ ಉತ್ತರ ಕೊಟ್ಟಳು. "ಎಣ್ಣೆ ಹಚ್ಚಿದ್ರೆ ಗರಿ ಅಂಟ್ಕೊಂಡು ಚಳಿಗೇ ಸಾಯುತ್ತೆ. ಬಿಗಿಯಾಗಿ ಸುತ್ತಿದ್ರೆ ಉಸಿರು ಕಟ್ಟುತ್ತೆ. ಬ್ರಾಂಡಿ ನೀವೇ ಕುಡೀರಿ. ಅಧ್ಯಕ್ಷ್ರೇ, ನಿಮ್ಮ ಬದಲು ನಾಳೆ ಇನ್ನೊಬ್ಬ ಅಧ್ಯಕ್ಷನ್ನ ತಂದ್ರಾಗುತ್ತಾ ಅಂತ ಸಭೇಲಿ ಕೇಳಿ ನೋಡಿ." ಆಮೇಲೆ ಬೇಕರಿಯವನ ಕಡೆ ತಿರುಗಿ, "ನಿಮ್ಮಲ್ಲಿ ಕಾರ್ನ್‌ಫ್ಲೋರ್ ಇರುತ್ತಲ್ಲ, ಒಂದು ಹಿಡಿ ತನ್ನಿ. ಓಡಿ" ಎಂದಳು. ಬೇಕರಿಯವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಅವಳ ಎಡಗೈಯ ಎರಡು ಬೆರಳು ಹಕ್ಕಿಯ ಕತ್ತಿನ ಇಕ್ಕೆಲಗಳಲ್ಲಿ ಸಡಿಲವಾಗಿ ನಿಂತಿದ್ದವು. ಎದೆಯನ್ನು ಮಾತ್ರ ಅವಳು ಮುಟ್ಟಲಿಲ್ಲ. ಎದೆ ಏರಿಳಿಯಲು ಜಾಗವಿಲ್ಲದಿದ್ದರೆ ಹಕ್ಕಿಗೆ ಉಸಿರಿಲ್ಲ. ಬೇಕರಿಯವನು ತಂದ ಹಿಟ್ಟನ್ನು ಬಲಗೈಯಿಂದ ತುಂಡು ಗರಿಯ ಬಾಯಿಗೆ ಮೆತ್ತಿ, ಚಿವುಟಿ ಹಿಡಿದು, ತುಟಿಯಲ್ಲೇ ಅಂಕಿ ಎಣಿಸುತ್ತ ನಿಂತಳು. ಮುಷ್ಟಿಯಷ್ಟು ಮೈ, ಅದರಲ್ಲಿ ಒಂದೆರಡು ಚಮಚದಷ್ಟು ರಕ್ತ. ಅದರಲ್ಲಿ ಎಷ್ಟು ಹೋಗಿದೆಯೋ ಎಂದು ಕನ್ನಡಿಯ ಮೇಲಿನ ಚುಕ್ಕೆಗಳನ್ನು ನೋಡಿ, ಮತ್ತೆ ಎಣಿಕೆಗೆ ಮರಳಿದಳು.

ಪೋಸ್ಟ್ ಮಾಸ್ತರರು ಅವಳ ಕಿವಿಗೆ ಫೋನ್ ಹಿಡಿದರು. ಹಕ್ಕಿ ಡಾಕ್ಟರು ಊರಾಚೆಯ ಕೋಳಿ ಫಾರ್ಮಿಗೆ ಹೋಗಿದ್ದರು. "ನಾಲ್ಕು ಗಂಟೆಗೆ ಮುಂಚೆ ಬರೋಕಾಗಲ್ಲ. ನೀವೂ ಗಾಡೀಲಿ ಹಾಕ್ಕೊಂಡು ಓಡಬೇಡಿ, ಕುಲುಕಾಟಕ್ಕೆ ಮತ್ತೆ ರಕ್ತ ಶುರುವಾಗುತ್ತೆ. ಬೆಚ್ಚಗೆ, ಕತ್ತಲೇಲಿ, ಹೆದರಿಸದೆ ಇಡಿ. ಬಾಯಿಗೆ ಏನೂ ಹಾಕಬೇಡಿ. ಇನ್ನೊಂದು ಸಲ ರಕ್ತ ಹೋದ್ರೆ ಮಾತ್ರ ಕಷ್ಟ" ಎಂದರು.

ಹಿಟ್ಟು ಕೆಂಪಾಗುವುದು ನಿಂತಿತು. ಬಾಚಣಿಗೆಗಳು ಬಂದಿದ್ದ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ತಳಕ್ಕೆ ಟವೆಲು ಹಾಸಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಗಿಟ್ಟಳು. ಸೆಕೆಯಾದರೆ ಇನ್ನೊಂದು ಮೂಲೆಗೆ ಸರಿಯಲು ಹಕ್ಕಿಗೆ ಜಾಗ ಬೇಕಲ್ಲ. ಮಂತ್ರಿಯನ್ನು ಒಳಗಿಳಿಸಿ ಮುಚ್ಚಳ ಮುಚ್ಚಿದಳು. ಆಮೇಲೆ ಅಂಗಡಿಯ ಕಡೆ ತಿರುಗಿದಳು.

"ಫ್ಯಾನ್ ಆಫ್ ಮಾಡು. ರೇಡಿಯೋ ಆಫ್ ಮಾಡು. ಮೆಷಿನ್ ಮುಟ್ಟಬೇಡ. ನಾಲ್ಕು ಗಂಟೆವರೆಗೂ ಇದು ಅಂಗಡಿ ಅಲ್ಲ, ಆಸ್ಪತ್ರೆ."

"ಮೇಲೆ ಮನೇಲಿ ಇಡಬಹುದಲ್ಲಕ್ಕ" ಎಂದ ತಮ್ಮ, ಅಧ್ಯಕ್ಷರ ಕಡೆ ಕಳ್ಳನೋಟ ಬೀರುತ್ತ.

"ಹದಿನೆಂಟು ಮೆಟ್ಟಿಲು. ನೀನು ಹೊತ್ಕೊಂಡು ಹೋಗ್ತೀಯಾ, ಒಂದು ಸಲಾನೂ ಕುಲುಕದೆ? ನಿನ್ನ ಕೈ ನೋಡ್ಕೋ."

ತಮ್ಮ ಕೈ ನೋಡಿಕೊಂಡ. ಅದು ಜ್ವರ ಬಂದವರ ಕೈಯಂತೆ ನಡುಗುತ್ತಿತ್ತು.

"ಇನ್ನು ಅದನ್ನ ನೀನು ಮುಟ್ಟೋದೂ ಬೇಡ" ಎಂದಳು ಅಕ್ಕ. ಆ ಮಾತು ಚುಚ್ಚಲೆಂದೇ ಹೇಳಿದ್ದು. ಚುಚ್ಚಿತು ಕೂಡ. ಅವನು ಮೂಲೆಗೆ ಹೋಗಿ ಗೋಡೆಗೆ ಒರಗಿ ನಿಂತ.

"ಅದೆಲ್ಲ ಸರಿ, ನನ್ನ ಗಡ್ಡ?" ಎಂದರು ಅಧ್ಯಕ್ಷರು.

"ಈ ಕೈಗೆ ಕತ್ತಿ ಕೊಟ್ರೆ ನಿಮ್ಮ ಕುತ್ತಿಗೆಗೂ ಕಾರ್ನ್‌ಫ್ಲೋರ್ ಬೇಕಾಗುತ್ತೆ. ಬಾಗಿಲು ತೆರೆದೇ ಇದೆ, ಹೋಗೋರು ಹೋಗಬಹುದು. ಇರೋರು ಬಾಯಿ ಮುಚ್ಕೊಂಡು ಇರಬೇಕು."

ಅಧ್ಯಕ್ಷರು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಬಲಗಡೆ ಫಳಫಳ, ಎಡಗಡೆ ಮೂರು ದಿನದ ಕುರುಚಲಿನ ಮೇಲೆ ಒಣಗುತ್ತಿರುವ ನೊರೆ. ಆ ಮುಖ ಹೊತ್ತು ಮಾರುಕಟ್ಟೆಯ ನಡುವೆ ಹಾದುಹೋಗಲು ಅವರಿಗೆ ಧೈರ್ಯ ಬರಲಿಲ್ಲ. ತಮ್ಮನ ಕೈ ಇನ್ನೇನು ಸರಿಹೋದೀತು ಎಂದುಕೊಂಡು ಮುಖ ಗಂಟು ಹಾಕಿಕೊಂಡು ಕೂತರು.

ಹೀಗೆ ಐದು ಜನ ದೊಡ್ಡವರು ಒಂದು ರಟ್ಟಿನ ಪೆಟ್ಟಿಗೆಯನ್ನು ನೋಡುತ್ತ ಪಿಟಿಕ್ಕೆನ್ನದೆ ಕೂತರು. ಪೋಸ್ಟ್ ಮಾಸ್ತರರು ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಒಂದು ಸಲ ಅವರು ಪಿಸುಗುಟ್ಟಿದರು: "ಗಾಯಕ್ಕೆ ಹಿಟ್ಟು ಹಚ್ಚಿದ್ದಾಯ್ತಲ್ಲ, ಇಷ್ಟೆಲ್ಲ ಯಾಕೆ?"

"ಗಾಯ ರೆಕ್ಕೇಲಿದೆ. ಹೆದರಿಕೆ ಮೈ ತುಂಬ ಇದೆ" ಎಂದಳು ಅಕ್ಕ. "ಬರೀ ಗಾಯ ನೋಡಿದ್ರೆ ಗಾಯ ವಾಸಿಯಾಗುತ್ತೆ, ಹಕ್ಕಿ ಉಳಿಯಲ್ಲ. ಇಡೀ ಹಕ್ಕೀನ ನೋಡ್ಬೇಕು."

ಇದು ಅವಳು ಪುಸ್ತಕದಿಂದ ಕಲಿತ ಮಾತಲ್ಲ. ವಾರ್ಡಿನಲ್ಲಿದ್ದ ಕಾಲದಲ್ಲಿ ಎಷ್ಟೋ ಸಲ ಅವಳು ಹಾಸಿಗೆಯ ಬಳಿ ನಿಂತು, ಈ ರೋಗಿಗೆ ಚಳಿಯಾಗುತ್ತಿದೆ, ಇವರಿಗೆ ಭಯವಾಗಿದೆ, ಯಾರಾದರೂ ಕೈ ಹಿಡಿದುಕೊಂಡು ಕೂರಬೇಕು ಎಂದು ಹೇಳಲು ಬಾಯಿ ತೆರೆದಿದ್ದಳು. ಪ್ರತಿ ಸಲವೂ ಬಂದ ಉತ್ತರ ಒಂದೇ. ಬಿಡಿ ಸಿಸ್ಟರ್, ಕೆಲಸ ಬಹಳ ಇದೆ. ಅವಳು ಬಿಡುತ್ತಿದ್ದಳು. ಬಿಟ್ಟ ಮುಖಗಳಲ್ಲಿ ಕೆಲವು ಈಗಲೂ ಅವಳಿಗೆ ನೆನಪಿದ್ದವು. ಗಡಿಯಾರ ಕೊಟ್ಟು ಹಕ್ಕಿ ತಂದ ದಿನವೇ, ಇನ್ನು ಯಾರ ಬಾಯಿಂದ 'ಬಿಡಿ' ಎಂಬ ಮಾತು ಬಂದರೂ ಬಿಡುವವಳು ತಾನಲ್ಲ ಎಂದು ನಿಶ್ಚಯಿಸಿಕೊಂಡಿದ್ದಳು.

ಹನ್ನೊಂದೂವರೆಯಾಯಿತು. ಅಧ್ಯಕ್ಷರ ಜೇಬಿನ ಫೋನು ನಡುಗತೊಡಗಿತು. ಸಭೆಯವರು ಹುಡುಕುತ್ತಿದ್ದರು. ತಮ್ಮನ ಕೈ ಇನ್ನೂ ಸರಿಹೋಗಿರಲಿಲ್ಲ. ಅಧ್ಯಕ್ಷರ ತಾಳ್ಮೆ ಅಲ್ಲಿಗೆ ಮುಗಿಯಿತು. ಕುರ್ಚಿಯ ತೋಳನ್ನು ಗುದ್ದಿ ಎದ್ದು, "ಒಂದು ಪುಟಗೋಸಿ ಹಕ್ಕಿಗೋಸ್ಕರ ನಾನು ಇಲ್ಲಿ ಕೋಡಂಗಿ ಥರ ಕೂರಬೇಕಾ? ಮುಂದಿನ ತಿಂಗಳು ಈ ಅಂಗಡಿ ಕರಾರು ನನ್ನ ಮೇಜಿಗೇ ಬರೋದು, ನೆನಪಿಟ್ಕೊಳ್ಳಿ" ಎಂದು ಅರಚಿದರು.

ಪೆಟ್ಟಿಗೆಯೊಳಗೆ ಪಟಪಟನೆ ರೆಕ್ಕೆ ಬಡಿದ ಸದ್ದಾಯಿತು. ಅಕ್ಕ ಮುಚ್ಚಳ ತೆಗೆದಾಗ ಟವೆಲಿನ ಮೇಲೆ ಹೊಸ ಕೆಂಪು ಹರಡುತ್ತಿತ್ತು.

ಅವಳು ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ಹಿಟ್ಟಿನ ಬಟ್ಟಲು ಎಳೆದುಕೊಂಡು ಬಲಗೈ ಚಾಚಿದಳು. ಅರ್ಧ ಗಂಟೆ ಚಿವುಟಿ ಹಿಡಿದಿದ್ದ ಆ ಬೆರಳುಗಳು ಮರಗಟ್ಟಿ ಮಡಚಲಿಲ್ಲ. ಗರಿ ಹಿಡಿಯಲು ಅವಳಿಗೆ ಎರಡೂ ಕೈ ಬೇಕಿತ್ತು. ಹಕ್ಕಿಯನ್ನು ಹಿಡಿಯಲು ಇನ್ನೊಬ್ಬರು ಬೇಕಿತ್ತು. ಪೋಸ್ಟ್ ಮಾಸ್ತರರ ಕೈಗೆ ವಯಸ್ಸಾಗಿತ್ತು. ದಿನವಿಡೀ ಹಿಟ್ಟು ನಾದುವ ಬೇಕರಿಯವನ ಕೈಗೆ ಬಲ ಹೆಚ್ಚು. ಮಲಗಿದ ಮಗುವಿನ ತಲೆಯನ್ನು ಎಚ್ಚರವಾಗದಂತೆ ತಿರುಗಿಸಬಲ್ಲ ಕೈ ಆ ಅಂಗಡಿಯಲ್ಲಿ ಒಂದೇ ಇತ್ತು. ಮುಟ್ಟಬೇಡ ಎಂದು ಅವಳೇ ಹೇಳಿದ ಕೈ.

"ಬಾರೋ" ಎಂದಳು.

"ನನ್ನ ಕೈ ನಡುಗ್ತಿದೆ ಅಕ್ಕ."

"ನಡುಗಲಿ. ಬಾ."

ಅವನು ಬಂದ. ಅಂಗೈಗೆ ಬೆಚ್ಚನೆಯ ಮೈ ತಾಗಿದ ಕೂಡಲೇ ಆ ನಡುಕ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಎರಡು ಬೆರಳು ಕತ್ತಿನ ಪಕ್ಕ ನಿಂತವು, ಎದೆಗೆ ಜಾಗ ಬಿಟ್ಟವು. ಅವಳು ಹಿಟ್ಟು ಮೆತ್ತಿ ಎರಡೂ ಕೈಯಿಂದ ಒತ್ತಿ ಹಿಡಿದಳು. ಅಕ್ಕ ತಮ್ಮಂದಿರ ತಲೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು. ಎಂಟು ನಿಮಿಷ ಹಾಗೇ ನಿಂತರು. ರಕ್ತ ನಿಂತಿತು.

ಆದರೆ ಹಕ್ಕಿ ಚೇತರಿಸಿಕೊಳ್ಳಲಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಮೈ ಉಬ್ಬಿಸಿ, ಜುಟ್ಟು ತಲೆಗೆ ಅಂಟಿಸಿಕೊಂಡು ಕೂತಿತು. ಉಸಿರೆಳೆದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಬೆಚ್ಚಗಿತ್ತು, ಕತ್ತಲಿತ್ತು, ನಿಶ್ಶಬ್ದವಿತ್ತು. ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿಯಾಗಿತ್ತು. ಅಧ್ಯಕ್ಷರು ಕೂಡ ತಮ್ಮ ಕೂಗಿನ ಫಲ ಕಂಡು ಕುರ್ಚಿಯಲ್ಲಿ ಮುದುಡಿದ್ದರು. ಅಕ್ಕನಿಗೆ ಭಯವಾಯಿತು. ಇದು ಹೀಗೇ ಸದ್ದಿಲ್ಲದೆ ಕೈತಪ್ಪಿ ಹೋಗುತ್ತದೆ ಎಂದು ಅನಿಸಿತು.

ಆಗ ಅಂಗಡಿಯ ಮೂಲೆಯಿಂದ ಚಕ್ ಎಂದಿತು.

ಎಲ್ಲರೂ ತಿರುಗಿ ನೋಡಿದರು. ಮತ್ತೆ ಗೋಡೆಗೆ ಒರಗಿದ್ದ ತಮ್ಮನ ಕೈ ಅಂಗಿಯ ಜೇಬಿಗೆ ಹೋಗಿತ್ತು. ಬೆಳಗಿನ ಗಾಬರಿಯಲ್ಲಿ ಅಲ್ಲಿ ತುರುಕಿದ್ದ ಕತ್ತರಿಯನ್ನು ಆ ಕೈ ತನ್ನಷ್ಟಕ್ಕೇ ಎತ್ತಿಕೊಂಡು ಗಾಳಿ ಕತ್ತರಿಸಿತ್ತು. ತಾನು ಹಿಡಿದಿರುವುದು ಏನೆಂದು ಕಂಡ ಕೂಡಲೇ ಅವನು ಕೆಂಡ ಮುಟ್ಟಿದವನಂತೆ ಅದನ್ನು ಟವೆಲಿನ ರಾಶಿಯ ಮೇಲೆ ಬಿಟ್ಟುಬಿಟ್ಟ. ಬೈಯಲು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಪೆಟ್ಟಿಗೆಯೊಳಗೆ ಬಿತ್ತು.

ಮಂತ್ರಿ ಒಂದು ಕಣ್ಣು ಪೂರ್ತಿ ಬಿಟ್ಟಿತ್ತು. ತಲೆ ಒಂದು ಪಕ್ಕಕ್ಕೆ ವಾಲಿತ್ತು.

ಎರಡು ವರ್ಷ ಆ ಹಕ್ಕಿ ಒಂದು ಹಗಲನ್ನೂ ನಿಶ್ಶಬ್ದದಲ್ಲಿ ಕಳೆದಿರಲಿಲ್ಲ. ಅದರ ಪಾಲಿಗೆ ಕತ್ತರಿ ಆಡುತ್ತಿದೆ ಎಂದರೆ ಲೋಕ ನೆಟ್ಟಗಿದೆ ಎಂದರ್ಥ. ಇವಳು ಆ ಲೋಕವನ್ನೇ ಬಾಯಿ ಮುಚ್ಚಿಸಿ, ಕತ್ತಲಲ್ಲಿ ಕೂರಿಸಿ, ಹೆದರಬೇಡ ಎಂದಿದ್ದಳು. ಇಡೀ ಹಕ್ಕಿಯನ್ನು ನೋಡಬೇಕು ಎಂದು ದೊಡ್ಡ ಬಾಯಿ ಮಾಡಿದವಳು ಅದರ ಕಿವಿಯನ್ನೇ ಮರೆತಿದ್ದಳು.

ಅವಳು ಕತ್ತರಿ ಎತ್ತಿಕೊಂಡಳು. ಅಲಗಿಗೆ ಅಂಟಿದ್ದ ಕಂದು ಕಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತಮ್ಮನ ಮುಂದೆ ಹಿಡಿದಳು.

"ಆಡಿಸು."

"ಅದೇ ಕತ್ತರಿ ಅಕ್ಕ."

"ಗೊತ್ತು. ಅದರ ಸದ್ದೇ ಮಂತ್ರಿಗೆ ಗೊತ್ತಿರೋದು. ಮೆತ್ತಗೆ ಆಡಿಸು. ನಾನು ಹೇಳೋವರೆಗೂ ನಿಲ್ಲಿಸಬೇಡ."

ಚಕ್ ಚಕ್ ಚಕ್. ಹತ್ತು ನಿಮಿಷಕ್ಕೆ ಬಾಲದ ಕುಣಿತ ಕಡಿಮೆಯಾಯಿತು. ಇನ್ನೊಂದು ಹತ್ತು ನಿಮಿಷಕ್ಕೆ ಉಬ್ಬಿದ ಗರಿಗಳು ಮೈಗೆ ಕೂತವು. ಜುಟ್ಟಿನ ತುದಿ ಸ್ವಲ್ಪವೇ ಸ್ವಲ್ಪ ಎದ್ದಿತು. ಅಕ್ಕ ಮುಚ್ಚಳವನ್ನು ಮೆಲ್ಲನೆ ಮುಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರು ನೋಡಿದರು ಎಂದು ಸುತ್ತ ದುರುಗುಟ್ಟಿದಳು. ಯಾರೂ ನೋಡಿಲ್ಲವೆಂಬಂತೆ ಬೇಕರಿಯವನು ಸೂರು ನೋಡಿದ.

ಅಧ್ಯಕ್ಷರು ಮೆಲ್ಲಗೆ ಎದ್ದು ನಿಂತರು. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ, ಆದರೆ ಹಟ ಇತ್ತು. "ಕೈ ಸರಿ ಹೋಯ್ತಲ್ಲ. ಐದು ನಿಮಿಷದ ಕೆಲಸ. ಬಾ, ಮುಗಿಸು. ಕರಾರಿನ ವಿಷಯ ನಾನು ಮರೆತುಬಿಡ್ತೀನಿ."

ಅಕ್ಕ ಉತ್ತರ ಕೊಡಲು ತಿರುಗಿದಳು. ಅದಕ್ಕೆ ಮೊದಲೇ ತಮ್ಮ ಮಾತಾಡಿದ. ಬೆನ್ನು ಬಾಗಿಸಿರಲಿಲ್ಲ. ಕತ್ತರಿಯೂ ನಿಂತಿರಲಿಲ್ಲ.

"ಆಗಲ್ಲ ಅಧ್ಯಕ್ಷ್ರೇ."

"ಏನಂದೆ?"

"ಅರ್ಧ ಗಡ್ಡ ನಾಳೆಗೂ ಇರುತ್ತೆ. ಇದು ನಾಳೆಗೆ ಇರಬೇಕು ಅಂದ್ರೆ ನಾನು ಇಲ್ಲಿ ನಿಂತಿರಬೇಕು. ಸಹಿ ಹಾಕೋದು ಬಿಡೋದು ನಿಮ್ಮಿಷ್ಟ. ಅಂಗಡಿ ಇಲ್ಲದಿದ್ರೆ ಮರದ ಕೆಳಗೆ ಕುರ್ಚಿ ಹಾಕ್ತೀನಿ."

ಅಕ್ಕ ತಮ್ಮನನ್ನು ಹೊಸದಾಗಿ ನೋಡುವಂತೆ ನೋಡಿದಳು. ಮರದ ಕೆಳಗೆ ಕೂರುವ ಯೋಗ ನಿಜಕ್ಕೂ ಬರಬಹುದೆಂದು ಅವಳಿಗೆ ಗೊತ್ತಿತ್ತು. ಆದರೂ ಅವಳಿಗೆ ಹೆಮ್ಮೆಯಾಯಿತು. ಅಧ್ಯಕ್ಷರು ಟವೆಲಿನಿಂದ ನೊರೆ ಒರೆಸಿಕೊಂಡು, ಎಡಗೆನ್ನೆಗೆ ಕರವಸ್ತ್ರ ಒತ್ತಿ, ಹಲ್ಲುನೋವಿನವರ ಹಾಗೆ ಬೀದಿಗಿಳಿದರು. ಅವರು ಭಾಷಣವನ್ನು ಹಾಗೇ ಕರವಸ್ತ್ರ ಒತ್ತಿಕೊಂಡೇ ಮಾಡಿದರೆಂದು ಆಮೇಲೆ ಮಾರುಕಟ್ಟೆಯೆಲ್ಲ ಆಡಿಕೊಂಡಿತು.

ತಮ್ಮ ನಿಂತೇ ಇದ್ದ. ಬಂದ ಗಿರಾಕಿಗಳನ್ನೆಲ್ಲ ಪೋಸ್ಟ್ ಮಾಸ್ತರರು ಬಾಗಿಲಲ್ಲೇ ತಡೆದು, "ಇವತ್ತು ಗಾಳಿಗೆ ಮಾತ್ರ ಕಟಿಂಗ್" ಎಂದು ಹಿಂದಕ್ಕೆ ಕಳಿಸಿದರು. ಬೇಕರಿಯವನು ತಂದ ಬನ್ನನ್ನು ಅಕ್ಕ ತುಂಡು ಮಾಡಿ ತಮ್ಮನ ಬಾಯಿಗೆ ಇಟ್ಟಳು. ಬಿಸಿನೀರಿನ ಬಾಟಲಿಯನ್ನು ಮೂರು ಸಲ ಬದಲಿಸಿದಳು. ಕೈ ಸೋತಾಗ ಅವನು ಕತ್ತರಿಯನ್ನು ಎಡಗೈಗೆ ದಾಟಿಸಿಕೊಂಡ, ಸದ್ದು ಮಾತ್ರ ನಿಲ್ಲಲಿಲ್ಲ. ಪೆಟ್ಟಿಗೆಯೊಳಗಿಂದ ಉತ್ತರವೂ ಬರಲಿಲ್ಲ.

ನಾಲ್ಕು ಗಂಟೆ ದಾಟಿ ಹತ್ತು ನಿಮಿಷಕ್ಕೆ ಡಾಕ್ಟರು ಬಂದರು. ಬೂಟಿಗೆ ಮೆತ್ತಿದ ಮಣ್ಣನ್ನೂ ಒರೆಸದೆ ಒಳಗೆ ಬಂದ ಆ ಚಿಕ್ಕ ವಯಸ್ಸಿನ ಹೆಣ್ಣುಮಗಳು ಮೊದಲು ಕಂಡದ್ದು, ಖಾಲಿ ಕುರ್ಚಿಯ ಪಕ್ಕ ನಿಂತು ಗಾಳಿ ಕತ್ತರಿಸುತ್ತಿದ್ದ ಮನುಷ್ಯನನ್ನು. ಅವಳು ಏನನ್ನೂ ಕೇಳದೆ ಮುಚ್ಚಳವನ್ನು ಒಂದಿಷ್ಟು ಸರಿಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.

"ಹಿಟ್ಟು ಹಿಡಿದಿದೆ. ಮೈ ಬೆಚ್ಚಗಿದೆ" ಎಂದಳು. "ಆ ಗರಿಯ ಬುಡ ನಾನು ತೆಗೀಬೇಕು, ಹೊಸದು ಬರುತ್ತೆ." ಆಮೇಲೆ ತಲೆಯೆತ್ತಿ ಕೇಳಿದಳು. "ಇದನ್ನ ಕತ್ತರಿಸಿದ್ದು ಯಾರು?"

ತಮ್ಮನ ಕತ್ತರಿ ನಿಂತಿತು. ನಾಲ್ಕು ಗಂಟೆಗಳಲ್ಲಿ ಮೊದಲ ಸಲ. ನಾನು ಎಂದು ಹೇಳಲು ಅವನು ಉಸಿರೆಳೆದುಕೊಂಡ.

ಪೆಟ್ಟಿಗೆಯೊಳಗಿಂದ, ಬಹಳ ಮೆಲ್ಲಗೆ, ಸ್ವಲ್ಪ ಒಡೆದ ದನಿಯಲ್ಲಿ, ಚಕ್ ಎಂದಿತು. ಆಮೇಲೆ ಇನ್ನೆರಡು ಸಲ, ಚಕ್ ಚಕ್.

ತಮ್ಮ ಅಲ್ಲೇ ಕುಸಿದು ಗಿರಾಕಿಗಳ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡ. ಅಕ್ಕ ಅವನ ಹಿಂದೆ ಬಂದು ನಿಂತು ತಲೆಯ ಮೇಲೆ ಕೈಯಿಟ್ಟಳು. ಆ ತಲೆನೋವಿನ ಸದ್ದನ್ನು ಅವಳು ಅಂದು ಪೂರ್ತಿಯಾಗಿ ಕೇಳಿಸಿಕೊಂಡಳು.